ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಗಳಿಕೆಯವರ ಮನೆಸಾಲ

ಪ್ರಶ್ನೆ: ನಾನು ಮಲ್ಪೆ ಬಂದರಿನಲ್ಲಿ ಮೀನು ಕೊಂಡು ಉಡುಪಿಯ ಮನೆಗಳಿಗೆ ಮಾರುವವಳು. ಗಂಡ ಬೋಟಿನಲ್ಲಿ ದುಡಿಯುತ್ತಾರೆ. ಮನೆ ಕಟ್ಟಲು ಆರು ಲಕ್ಷ ರೂಪಾಯಿ ಸಾಲ ಬೇಕು. ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಒಂದು ಗೃಹಸಾಲ ಕಂಪನಿ ಶೇ 14ರ ಬಡ್ಡಿಗೆ ಕೊಡಲು ಒಪ್ಪಿದೆ. ಸಂಬಳದಾರರಿಗೆ ಶೇ 9ರ ಆಸುಪಾಸಿನಲ್ಲಿ ಸಿಗುವ ಸಾಲ ನಮಗೇಕೆ ಇಷ್ಟು ದುಬಾರಿ? ಇದನ್ನು ತೆಗೆದುಕೊಳ್ಳಬಹುದೇ?
– ಮಲ್ಪೆಯ ಓದುಗರು

ಉತ್ತರ: ದುಬಾರಿಯಾಗಲು ಮೂರು ಕಾರಣಗಳಿವೆ, ಮೂರರಲ್ಲಿ ಒಂದೂ ನಿಮ್ಮ ತಪ್ಪಲ್ಲ. ಐವತ್ತು ಲಕ್ಷದ ಸಾಲಕ್ಕೂ ಐದು ಲಕ್ಷದ ಸಾಲಕ್ಕೂ ವಕೀಲರ ಅಭಿಪ್ರಾಯ, ಜಾಗದ ಮೌಲ್ಯಮಾಪನ, ಸ್ಥಳ ಪರಿಶೀಲನೆ, ಕಂತು ವಸೂಲಿ ಎಲ್ಲವೂ ಬೇಕಾಗುವುದರಿಂದ, ಈ ಖರ್ಚು ಇಪ್ಪತ್ತು ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ದೊಡ್ಡ ಸಾಲದಲ್ಲಿ ಅದು ಶೇ 0.4, ಸಣ್ಣ ಸಾಲದಲ್ಲಿ ಶೇ 4. ಎರಡನೆಯದು, ಠೇವಣಿಯ ಬಲವಿರುವ ಬ್ಯಾಂಕಿಗೆ ಹಣ ಅಗ್ಗವಾಗಿ ಸಿಗುತ್ತದೆ; ಸಣ್ಣ ಗೃಹಸಾಲ ಕಂಪನಿಗಳು ಹೆಚ್ಚಾಗಿ ಅದೇ ಬ್ಯಾಂಕುಗಳಿಂದ ಸಾಲ ತಂದು ನಿಮಗೆ ಕೊಡುತ್ತವೆ. ಮೂರನೆಯದು ಗಳಿಕೆಯ ದಾಖಲೆ. ನನ್ನ ದೃಷ್ಟಿಯಲ್ಲಿ ನಮ್ಮಂಥ ದೇಶಗಳ ಗೃಹಸಾಲ ವ್ಯವಸ್ಥೆಯ ದೊಡ್ಡ ಲೋಪ ಇಲ್ಲೇ ಇದೆ: ತಿಂಗಳ ಮೊದಲ ತಾರೀಕಿಗೆ ಸಂಬಳ ಬರುವವರನ್ನು ಕಣ್ಣಮುಂದೆ ಇಟ್ಟುಕೊಂಡು ರೂಪಿಸಿದ ಸಾಲವನ್ನು, ದಿನಕ್ಕೊಂದು ಬಗೆಯಲ್ಲಿ ದುಡಿಯುವ ಬಹುಪಾಲು ಜನರ ಮುಂದೆ ಹಾಗೆಯೇ ಇಟ್ಟು, ಅದು ಹೊಂದದಿದ್ದರೆ ಜನರನ್ನೇ ಅನರ್ಹರೆಂದು ಹೇಳಲಾಗುತ್ತಿದೆ.

ಈ ಊರಿಗೆ ಇದು ಹೊಸ ತಿಳಿವಳಿಕೆಯಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಏಜೆಂಟರನ್ನು ಕಳಿಸಿತು. ದಿನದ ದುಡಿಮೆಯವರೂ ನೆಚ್ಚತಕ್ಕ ಗ್ರಾಹಕರು ಎಂಬುದು ಅಂದೇ ರುಜುವಾತಾಗಿದೆ. ಆದ್ದರಿಂದ ನೀವು ಮರಳಿ ಬ್ಯಾಂಕಿಗೆ ಹೋಗುವಾಗ ಎರಡು ಮೂರು ವರ್ಷಗಳ ಪಿಗ್ಮಿ ಲೆಕ್ಕ, ಸ್ವಸಹಾಯ ಸಂಘದಲ್ಲಿ ಸಾಲ ತೀರಿಸಿದ ಪುಸ್ತಕ, ಮೀನುಗಾರರ ಸಹಕಾರಿ ಸಂಘದ ಖಾತೆ, ಗಂಡನ ಪಾಲಿನ ಹಣ ಜಮೆಯಾದ ಪಾಸ್‌ಬುಕ್ ಇವೆಲ್ಲವನ್ನೂ ಒಟ್ಟಿಗೆ ಕೊಂಡೊಯ್ಯಿರಿ. ಒಂದು ಶಾಖೆ ಒಪ್ಪದಿದ್ದರೆ ಇನ್ನೊಂದರಲ್ಲಿ ಕೇಳಿ.

ಅದೂ ಕೂಡಿಬರದಿದ್ದರೆ ಶೇ 14ರ ಸಾಲದ ಲೆಕ್ಕ ಹೀಗಿದೆ. ಆರು ಲಕ್ಷಕ್ಕೆ 15 ವರ್ಷಗಳ ಅವಧಿಯಲ್ಲಿ ಶೇ 9ಕ್ಕೆ ತಿಂಗಳ ಕಂತು 6,086 ರೂಪಾಯಿ, ಶೇ 14ಕ್ಕೆ 7,990. ವ್ಯತ್ಯಾಸ ಒಟ್ಟಾರೆ ಮೂರು ಲಕ್ಷ ನಲವತ್ತು ಸಾವಿರವನ್ನು ಮೀರುತ್ತದೆ. ಆದರೆ ನಿಮ್ಮ ಗಳಿಕೆಯ ಸ್ವಭಾವವೇ ಇಲ್ಲಿ ನೆರವಿಗೆ ಬರುತ್ತದೆ. ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಬಡ್ಡಿಯ, ಎಂದರೆ ಕಾಲಕಾಲಕ್ಕೆ ಏರಿಳಿಯುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಮೀನು ಚೆನ್ನಾಗಿ ಸಿಗುವ ತಿಂಗಳುಗಳಲ್ಲಿ ಉಳಿಸಿ, ಕಂತಿನ ಜೊತೆಗೆ ಪ್ರತಿ ವರ್ಷವೂ ಒಮ್ಮೆ 25,000 ರೂಪಾಯಿಯನ್ನು ಅಸಲಿಗೆ ಕಟ್ಟುತ್ತ ಹೋದರೆ, ಅದೇ ಬಡ್ಡಿದರದಲ್ಲಿ ಹದಿನೈದು ವರ್ಷಗಳ ಸಾಲ ಒಂಬತ್ತು ವರ್ಷದೊಳಗೆ ಮುಗಿಯುತ್ತದೆ. ಹಣ ಕಟ್ಟುವಾಗ ಅದನ್ನು ಅಸಲಿಗೆ ಜಮೆ ಮಾಡಿಕೊಳ್ಳುವಂತೆ ಲಿಖಿತವಾಗಿ ಕೇಳಿ ರಸೀದಿ ಪಡೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ಕಂತುಗಳ ಹಣವನ್ನು ಮೇ ತಿಂಗಳೊಳಗೆ ಖಾತೆಯಲ್ಲಿ ಬೇರೆಯಾಗಿ ಇಡಿ. ಹಾಗೆ ಇಡಲಾಗದಷ್ಟು ಬಿಗಿಯಾಗಿದ್ದರೆ ಆರು ಲಕ್ಷ ನಿಮಗೆ ಹೆಚ್ಚಾಯಿತು, ನಾಲ್ಕಕ್ಕೆ ಇಳಿಸಿ.

ಮಲ್ಪೆ ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತದಲ್ಲಿ, ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ, ವರ್ಷಕ್ಕೆ ಒಂಬತ್ತು ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ ಸಾಲದ ಮೊದಲ ಎಂಟು ಲಕ್ಷದ ಮೇಲೆ ಶೇ 4ರ ಬಡ್ಡಿ ಸಹಾಯಧನವಿದೆ, ಗರಿಷ್ಠ 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಸಹಿ ಹಾಕುವ ಮೊದಲೇ ಇದರ ಬಗ್ಗೆ ಕಂಪನಿಯನ್ನೂ ನಗರಸಭೆಯನ್ನೂ ವಿಚಾರಿಸಿ.

ಪ್ರಶ್ನೆ: 2022ರ ಆರಂಭದಲ್ಲಿ ಹತ್ತು ಲಕ್ಷ ಸಾಲವನ್ನು 20 ವರ್ಷಗಳಿಗೆ ಶೇ 7ಕ್ಕೆ ಪಡೆದೆ. ಬಡ್ಡಿ ಏರಿದರೂ ಕಂತು ಏರಲಿಲ್ಲವೆಂದು ಸಮಾಧಾನವಾಗಿತ್ತು. ಈಗ ನೋಡಿದರೆ ಅಸಲು ಕರಗಿಯೇ ಇಲ್ಲ.
– ಕೂಳೂರು, ಮಂಗಳೂರು

ಉತ್ತರ: ಕಂತು ಏರದಿದ್ದುದೇ ತೊಂದರೆಯ ಮೂಲ. ನಿಮ್ಮ ಕಂತು 7,753 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಶೇ 4ರಿಂದ 6.5ಕ್ಕೆ ಏರಿತು, ನಿಮ್ಮ ಬಡ್ಡಿಯೂ ಅಷ್ಟೇ ಏರಿ ಶೇ 9.5 ಆಗಿದ್ದರೆ, ಉಳಿದ ಸುಮಾರು 9.75 ಲಕ್ಷದ ಮೇಲೆ ತಿಂಗಳ ಬಡ್ಡಿಯೇ 7,700 ರೂಪಾಯಿ ದಾಟುತ್ತದೆ. ಅಸಲಿಗೆ ಸಂದುದು ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿ ಮಾತ್ರ. ಬಡ್ಡಿ ಬದಲಾಗುವಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಭಾಗಶಃ ತೀರಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸೂಚಿಸಿದೆ. ಅದನ್ನು ಉಲ್ಲೇಖಿಸಿ ಶಾಖೆಗೆ ಪತ್ರ ಬರೆದು, ಉಳಿದ ಅವಧಿ ಎಷ್ಟೆಂದು ಲಿಖಿತವಾಗಿ ಕೇಳಿ. 2025ರಲ್ಲಿ ರೆಪೊ ಇಳಿದಿರುವುದರಿಂದ, ನಿಮ್ಮ ಸಾಲಕ್ಕೂ ಆ ಇಳಿಕೆ ತಲುಪಿದೆಯೇ ಎಂದು ನೋಡಿ. ತಲುಪಿದ್ದರೂ ಕಂತನ್ನು ಇಳಿಸಬೇಡಿ, ಸಾಧ್ಯವಾದರೆ ಸಾವಿರ ರೂಪಾಯಿ ಏರಿಸಿ.

ಪ್ರಶ್ನೆ: ಬೀಡಿ ಕಟ್ಟಿ ಬದುಕುವ ನಮಗೆ ಸರ್ಕಾರದ ಹಕ್ಕುಪತ್ರ ಸಿಕ್ಕಿದ ಐದು ಸೆಂಟ್ಸ್ ಜಾಗವಿದೆ. 9/11 (ಗ್ರಾಮ ಪಂಚಾಯತಿ ಕೊಡುವ ಆಸ್ತಿ ದಾಖಲೆಯ ನಮೂನೆ 9 ಮತ್ತು 11) ಆಗಿಲ್ಲವೆಂದು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಹಳೆಯ ಹಂಚಿನ ಮನೆ ಸೋರುತ್ತಿದೆ. ಬೇರೆ ದಾರಿಯಿಲ್ಲವೇ?
– ಬೆಳ್ತಂಗಡಿ ತಾಲೂಕಿನ ಓದುಗರು

ಉತ್ತರ: ನಿಮಗೆ ಅಡಮಾನದ ಸಾಲವೇ ಬೇಕೆಂದಿಲ್ಲ. ಬಡ ದೇಶಗಳಲ್ಲಿ ಬಹುಪಾಲು ಮನೆಗಳು ಒಮ್ಮೆಗೇ ಕಟ್ಟಿದವಲ್ಲ. ಒಂದು ವರ್ಷ ಅಡಿಪಾಯ, ಮರುವರ್ಷ ಕೆಂಪುಕಲ್ಲಿನ ಗೋಡೆ, ಕೈಗೆ ಹಣ ಬಂದಾಗ ಮಾಡು (ಚಾವಣಿ), ಆಮೇಲೆ ಗಾರೆ ಎಂದು ಬೆಳೆದವು. ಹಾಗೆ ಹಂತಹಂತವಾಗಿ ಕಟ್ಟುವವರಿಗೆ ಎರಡು ಮೂರು ವರ್ಷಗಳ ಸಣ್ಣ ಸಾಲಗಳೇ ಹೊಂದುತ್ತವೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಿಂದ ಹಳ್ಳಿಯ ಬಡ ಮಹಿಳೆಯರಿಗೆ ನಾಲ್ಕು ಕಾಂಕ್ರೀಟ್ ಕಂಬ, ತಗಡಿನ ಮಾಡು, ಶೌಚಾಲಯ ಇಷ್ಟಕ್ಕೆ ಸಾಲುವಷ್ಟು ಸಾಲ ಕೊಟ್ಟು ವಾರದ ಕಂತಿನಲ್ಲಿ ಮರಳಿ ಪಡೆಯಿತು. ಅಡಮಾನದ ಜಾಗದಲ್ಲಿ ಅದು ನೆಚ್ಚಿದ್ದು ಗುಂಪಿನ ಹೊಣೆಯನ್ನು. ನಿವೇಶನ ಹೆಣ್ಣಿನ ಹೆಸರಿನಲ್ಲಿರಬೇಕೆಂಬ ಷರತ್ತನ್ನೂ ಇಟ್ಟಿತು. ಥಾಯ್ಲೆಂಡಿನಲ್ಲಿ 2003ರಲ್ಲಿ ಆರಂಭವಾದ ಬಾನ್ ಮಂಕೊಂಗ್ ಯೋಜನೆ ಕೊಳೆಗೇರಿಯ ಒಬ್ಬೊಬ್ಬರಿಗೆ ಸಾಲ ಕೊಡದೆ, ಮೊದಲು ಉಳಿತಾಯ ಮಾಡಿ ತೋರಿಸಿದ ನಿವಾಸಿಗಳ ಸಹಕಾರಿ ಸಂಘಕ್ಕೆ ಕೊಟ್ಟಿತು.

ನಿಮ್ಮ ಮಟ್ಟಿಗೆ, ಮಳೆಗಾಲಕ್ಕೆ ಮೊದಲು ಮಾಡನ್ನು ಮಾತ್ರ ದುರಸ್ತಿ ಮಾಡಲು ಸ್ವಸಹಾಯ ಸಂಘದಿಂದ ಎಷ್ಟು ಬೇಕೋ ಅಷ್ಟೇ ಪಡೆಯಿರಿ. ಒಂದು ಸಂಘದ ಸಾಲ ತೀರಿಸಲು ಮತ್ತೊಂದರಿಂದ ಪಡೆಯುವ ಸ್ಥಿತಿ ಬಂದರೆ ಅದು ಮನೆಯನ್ನು ಉಳಿಸುವುದಿಲ್ಲ. ನಿಮಗೆ ಬೀಡಿ ಕಂಪನಿಯ ಪಿಎಫ್ ಖಾತೆ ಇದ್ದರೆ, ಮನೆಯ ಕೆಲಸಕ್ಕಾಗಿ ಅದರಿಂದ ಹಣ ಪಡೆಯಲು ಅವಕಾಶವಿದೆ. ಅದು ನಿಮ್ಮದೇ ಹಣ, ಬಡ್ಡಿಯಿಲ್ಲ. ಇದರ ಜೊತೆಗೆ ಹಕ್ಕುಪತ್ರದಂತೆ ಪಹಣಿಯಲ್ಲಿ ಹೆಸರು ದಾಖಲಾಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯಲ್ಲಿ ನೋಡಿಸಿ, ಪರಭಾರೆಯ ಬಗ್ಗೆ ಪತ್ರದಲ್ಲಿರುವ ಷರತ್ತುಗಳನ್ನು ಓದಿಸಿಕೊಂಡು, ಪಂಚಾಯತಿನಲ್ಲಿ 9/11ಕ್ಕೆ ಅರ್ಜಿ ಹಾಕಿ ಇಡಿ. ದಾಖಲೆ ಸರಿಯಾಗಲು ತಡವಾದೀತು, ಆದರೆ ಮುಂದೆ ದೊಡ್ಡ ಸಾಲ ಅಗ್ಗವಾಗಿ ಸಿಗಬೇಕಾದರೆ ಅದಿಲ್ಲದೆ ಆಗದು.

ಪ್ರಶ್ನೆ: ಸರ್ಕಾರವೇ ಎಲ್ಲರಿಗೂ ಶೇ 4ಕ್ಕೆ ಮನೆಸಾಲ ಕೊಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ?
– ಅರ್ಥಶಾಸ್ತ್ರ ವಿದ್ಯಾರ್ಥಿ, ಕೊಣಾಜೆ

ಉತ್ತರ: ಬಡವರಿಗೆ ಸಹಾಯಧನ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಲ್ಲರಿಗೂ ಒಂದೇ ಅಗ್ಗದ ದರವೆಂದರೆ ಹೆಚ್ಚು ಸಾಲ ಪಡೆಯಬಲ್ಲವರಿಗೆ ಹೆಚ್ಚು ಸಹಾಯ ಎಂದೇ ಅರ್ಥ. ಮೇಲೆ ಹೇಳಿದ ಯೋಜನೆಯಲ್ಲಿ ಎಂಟು ಲಕ್ಷದ ಮಿತಿಯಿರುವುದು ಈ ಕಾರಣಕ್ಕೆ ಸರಿ. ಠೇವಣಿಗೆ ಕೊಡುವ ಬಡ್ಡಿಗಿಂತ ಕಡಿಮೆಗೆ ಸಾಲ ಕೊಡುವ ಸಂಸ್ಥೆಗೆ ಪ್ರತಿ ವರ್ಷ ಬಜೆಟ್ಟಿನಿಂದ ಹಣ ಬರಬೇಕು; ಬಾರದ ವರ್ಷ ಹೊಸಬರಿಗೆ ಸಾಲ ನಿಲ್ಲುತ್ತದೆ.

ಹಣವೊಂದಿದ್ದರೆ ಸಾಲದೆಂಬುದನ್ನು ಮೆಕ್ಸಿಕೊ ಕಂಡಿದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇನ್ಫೊನಾವಿತ್ ಸಂಸ್ಥೆಗೆ ಉದ್ಯೋಗದಾತರು ಕಾರ್ಮಿಕರ ವೇತನದ ಶೇ 5ರಷ್ಟನ್ನು ಕಟ್ಟಬೇಕು, ಹಾಗಾಗಿ ನಿಧಿಗೆ ಕೊರತೆಯಿರಲಿಲ್ಲ. 2000ದ ನಂತರ ಸಾಲ ಧಾರಾಳವಾಗಿ ಹರಿದು, ಜಾಗ ಅಗ್ಗವೆಂದು ನಗರಗಳಿಂದ ಬಹುದೂರದಲ್ಲಿ ಸಾಲುಸಾಲು ಮನೆಗಳು ಎದ್ದವು. ಬಸ್ಸು, ನೀರು, ಕೆಲಸ ಹತ್ತಿರವಿಲ್ಲದೆ ಜನ ಲಕ್ಷಾಂತರ ಮನೆಗಳನ್ನು ಬಿಟ್ಟುಹೋದರು. ಸುರತ್ಕಲ್ಲಿನಲ್ಲಿ ಕೆಲಸ ಮಾಡುವವರಿಗೆ ಬಸ್ಸಿಲ್ಲದ ಗುಡ್ಡದ ಮೇಲೆ ಶೇ 4ರ ಸಾಲದಲ್ಲಿ ಮನೆ ಕೊಟ್ಟರೂ ಆಗುವುದು ಅದೇ. ನಮ್ಮ ಕರಾವಳಿಯಲ್ಲಿ ಮನೆಯ ವೆಚ್ಚದಲ್ಲಿ ಜಾಗದ ಪಾಲೇ ಹಿರಿದಾಗಿರುವಾಗ, ಜಾಗವನ್ನು ಹೆಚ್ಚಿಸದೆ ಸಾಲವನ್ನಷ್ಟೇ ಅಗ್ಗ ಮಾಡಿದರೆ ಆ ಲಾಭ ಸೆಂಟ್ಸಿನ ಬೆಲೆಯೊಳಗೆ ಸೇರಿಹೋಗುತ್ತದೆ.

ಸರ್ಕಾರದ ಹಣ ಹೆಚ್ಚು ಫಲ ಕೊಡುವುದು ಬೇರೆ ಕಡೆ ಎಂಬುದು ನನ್ನ ಅಭಿಪ್ರಾಯ. ಮಲೇಷ್ಯಾ 1986ರಲ್ಲಿ ಕಗಮಾಸ್ ಸಂಸ್ಥೆಯನ್ನೂ ನಾವು 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕನ್ನೂ ಸ್ಥಾಪಿಸಿದ್ದು ಸಾಲ ಕೊಡುವ ಸಂಸ್ಥೆಗಳಿಗೆ ದೀರ್ಘಾವಧಿಯ ಹಣ ಒದಗಿಸಲು. ಆ ಹಣ ಸಣ್ಣ ಸಾಲ ಕೊಡುವವರಿಗೆ ಮೊದಲು ತಲುಪಲಿ. ದಾಖಲೆಯಿಲ್ಲದ ಗಳಿಕೆಯವರ ಸಾಲಕ್ಕೆ ಸರ್ಕಾರ ಭಾಗಶಃ ಖಾತರಿ ನಿಲ್ಲಲಿ. 9/11 ಮತ್ತು ಪಹಣಿಯ ಕೆಲಸ ವರ್ಷಗಟ್ಟಲೆ ಎಳೆಯದಿರಲಿ. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಬಂಟ್ವಾಳ ಅಥವಾ ಕಾಪು ತಾಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ಕಳೆದ ಐದು ವರ್ಷಗಳಲ್ಲಿ ಕಟ್ಟಿದ ಮನೆಗಳಿಗೆ ಹಣ ಎಲ್ಲೆಲ್ಲಿಂದ ಬಂತೆಂದು ಮನೆಮನೆಗೆ ಹೋಗಿ ಕೇಳಿ ಬರೆಯಿರಿ.