ಪ್ರವಾಸ ಪ್ರಶ್ನೋತ್ತರ: ಸುವೊನ್ ನಗರದ ಕಮೋಡ್ ಮನೆ ಮತ್ತು ಕೋಟೆಯೊಳಗಿನ ಕೆಫೆಗಳು

ಪ್ರಶ್ನೆ: ನನ್ನ ಮಗ ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ ನೌಕರಿ ಮಾಡುತ್ತಿದ್ದಾನೆ. ಬರುವ ಅಕ್ಟೋಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುವವರಿದ್ದೇವೆ. ಕಮೋಡಿನ ಆಕಾರದ ವಸ್ತುಸಂಗ್ರಹಾಲಯ ತೋರಿಸಿ, ಆಮೇಲೆ ಕೆಫೆಗಳಿಗೆ ಕರೆದೊಯ್ಯುತ್ತೇನೆ ಎಂದು ಮಗ ಹೇಳುತ್ತಾನೆ. ಅಷ್ಟು ದೂರ ಹೋಗಿ ಪಾಯಖಾನೆ ನೋಡುವುದೇನು ಎಂದು ಇವರು ಬೇಸರಪಡುತ್ತಾರೆ. ಅದು ನಿಜವಾಗಿಯೂ ನೋಡತಕ್ಕ ಜಾಗವೇ? ಅರವತ್ತು ದಾಟಿದ ನಮ್ಮಂಥವರಿಗೆ ಕೆಫೆಗಳಲ್ಲಿ ಏನಿದೆ?
— ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ತಾಯಿ, ನಿಮ್ಮ ಯಜಮಾನರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಸುವೊನ್‌ನಲ್ಲಿ ಒಂದೇ ದಿನ ಸಿಕ್ಕರೂ ಆ ಮನೆಯನ್ನು ಬಿಡಬೇಡಿ ಎಂದೇ ನಾನು ಹೇಳುತ್ತೇನೆ. ಹೆವೂಜೆ ಎಂಬುದು ಅದರ ಹೆಸರು. ಚಿಂತೆ ಕಳೆಯುವ ಮನೆ ಎಂದು ಅರ್ಥ. ಕೊರಿಯಾದ ಬೌದ್ಧ ಮಠಗಳಲ್ಲಿ ಶೌಚಾಲಯವನ್ನು ಚಿಂತೆ ಕಳೆಯುವ ಸ್ಥಳವೆಂದು ಕರೆಯುವ ರೂಢಿಯಿದ್ದು, ಈ ಹೆಸರು ಅಲ್ಲಿಂದಲೇ ಬಂದಿದೆ. ಕಟ್ಟಿಸಿದವರು ಸುವೊನ್ ನಗರದ ಮೇಯರ್ ಆಗಿದ್ದ ಸಿಮ್ ಜೆ-ದೊಕ್. 2002ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳು ಕೊರಿಯಾಕ್ಕೆ ಬರುವ ಮುನ್ನ, ಗಬ್ಬು ನಾರುತ್ತಿದ್ದ ಸಾರ್ವಜನಿಕ ಶೌಚಾಲಯಗಳನ್ನು ಶುಚಿಯಾದ, ಬೆಳಕಿರುವ, ಹೂವಿನ ಕುಂಡಗಳಿರುವ ಜಾಗಗಳನ್ನಾಗಿ ಮಾಡಬೇಕೆಂದು ಹಟ ಹಿಡಿದು ದುಡಿದ ಈ ಮನುಷ್ಯನನ್ನು ಜನ ಪ್ರೀತಿಯಿಂದ ‘ಮಿಸ್ಟರ್ ಟಾಯ್ಲೆಟ್’ ಎಂದೇ ಕರೆದರು. 2007ರಲ್ಲಿ ವಿಶ್ವ ಶೌಚಾಲಯ ಸಂಘದ ಸ್ಥಾಪನೆಯ ಹೊತ್ತಿಗೆ ಅವರು ತಾವು ಬಹುಕಾಲ ಬಾಳಿದ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಕಮೋಡಿನ ಆಕಾರದ ಬಿಳಿಯ ಮನೆಯನ್ನು ಕಟ್ಟಿಸಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಮನೆಯವರು ಅದನ್ನು ನಗರಕ್ಕೆ ದಾನ ಕೊಟ್ಟರು, ಮರುವರ್ಷ ಅದು ವಸ್ತುಸಂಗ್ರಹಾಲಯವಾಯಿತು. ಪ್ರವೇಶಕ್ಕೆ ಶುಲ್ಕವಿಲ್ಲ. ಸೋಮವಾರ ಮುಚ್ಚಿರುತ್ತದೆ, ಮಗನಿಗೆ ಇದನ್ನು ಮರೆಯದೆ ಹೇಳಿ.

ಒಳಗೆ ಶೌಚದ ಇತಿಹಾಸವೇ ಇದೆ. ಹೊರಗಿನ ತೋಟದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮನುಷ್ಯರ ಶಿಲ್ಪಗಳೂ, ಜೇಜು ದ್ವೀಪದಲ್ಲಿ ಹಂದಿಗೂಡಿನ ಮೇಲೆಯೇ ಕಟ್ಟುತ್ತಿದ್ದ ಹಳೆಯ ಶೌಚಾಲಯದ ಮಾದರಿಯೂ ಇವೆ. ಕೊರಿಯಾವನ್ನು ಹಿಂದೆ ಆಳಿದ ಜೊಸೊನ್ ರಾಜವಂಶದ ಅರಮನೆಯಲ್ಲಿ ರಾಜನ ಮಲಕ್ಕೆ ‘ಮೆಹ್ವಾ’, ಅಂದರೆ ಪ್ಲಮ್ ಹೂವು, ಎಂಬ ಹೆಸರಿತ್ತು. ರಾಜನು ಹೊತ್ತೊಯ್ಯಬಹುದಾದ ಮರದ ಪೀಠದ ಮೇಲೆ ಶೌಚಕ್ಕೆ ಕೂರುತ್ತಿದ್ದನು, ವೈದ್ಯರು ಆ ಮಲವನ್ನು ಪರೀಕ್ಷಿಸಿ ಅವನ ಆರೋಗ್ಯ ತಿಳಿಯುತ್ತಿದ್ದರು. ಹಾಸಿಗೆ ಒದ್ದೆ ಮಾಡಿದ ಮಗುವಿನ ತಲೆಯ ಮೇಲೆ ಮೊರ ಹೊದಿಸಿ ನೆರೆಮನೆಗೆ ಉಪ್ಪು ಕೇಳಲು ಕಳಿಸುವುದು ಕೊರಿಯಾದ ಹಳ್ಳಿಗಳ ಹಳೆಯ ರೂಢಿ. ನಮ್ಮ ಅಡುಗೆಮನೆಯ ಮೊರವೇ ಅಷ್ಟು ದೂರದ ನಾಡಿನಲ್ಲಿ ಇಂಥ ಕೆಲಸಕ್ಕೆ ಬಳಕೆಯಾಗಿತ್ತೆಂದು ತಿಳಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ನಾನು ಹೋದ ದಿನ ಶಾಲೆಯ ಮಕ್ಕಳ ಒಂದು ತಂಡ ಬಂದಿತ್ತು, ಅವರು ನಗುತ್ತ ಒಳಗೆ ಬಂದು ಹೊರಡುವ ಹೊತ್ತಿಗೆ ಶಿಕ್ಷಕಿಯ ಸುತ್ತ ನಿಂತು ಪ್ರಶ್ನೆ ಕೇಳುತ್ತಿದ್ದರು. ನಮ್ಮ ಭಾಗದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬಯಲಿಗೆ ಹೋಗಲು ಕತ್ತಲಾಗುವುದನ್ನು ಕಾಯುತ್ತಿದ್ದ ದಿನಗಳನ್ನು ಶಿಕ್ಷಕಿಯಾಗಿ ನೀವೂ ಕಂಡಿರುತ್ತೀರಿ. ಆ ನೆನಪು ಇರುವವರಿಗೆ ಈ ಮನೆ ತಮಾಷೆಯ ಜಾಗವಾಗಿ ಉಳಿಯುವುದಿಲ್ಲ.

ಇನ್ನು ಕೆಫೆಗಳ ಮಾತು. ಸುವೊನ್‌ನ ಹ್ವಾಸೊಂಗ್ ಕೋಟೆಯೊಳಗಿನ ಹೆಂಗುಂಗ್-ದೊಂಗ್ ಬಡಾವಣೆಯಲ್ಲಿ, ಕೋಟೆಯ ನೋಟ ಕೆಡಬಾರದೆಂದು ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಹಾಗಾಗಿ ಅಲ್ಲಿ ದೊಡ್ಡ ಕಟ್ಟಡಗಳು ಏಳಲಿಲ್ಲ, ಹಳೆಯ ತಗ್ಗು ಮನೆಗಳು ಉಳಿದವು, ಆ ಮನೆಗಳೇ ಈಗ ಒಂದೊಂದಾಗಿ ಕೆಫೆಗಳಾಗಿವೆ. 2013ರ ಸೆಪ್ಟೆಂಬರ್‌ನಲ್ಲಿ ಒಂದು ತಿಂಗಳ ಕಾಲ ಈ ಬಡಾವಣೆಯ ಜನ ತಮ್ಮ ಕಾರುಗಳನ್ನು ಹೊರಗಿಟ್ಟು, ಕಾರಿಲ್ಲದ ಊರಿನಲ್ಲಿ ಬದುಕುವ ಪ್ರಯೋಗವನ್ನೂ ಮಾಡಿದ್ದರು. ಮಹಡಿಯ ಮೇಲೆ ಕುಳಿತರೆ ಎದುರಿಗೇ ಕೋಟೆಗೋಡೆ ಕಾಣುತ್ತದೆ. ನಡೆದು ದಣಿದ ಮೊಣಕಾಲುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಆ ಊರಿನಲ್ಲಿ ಸಿಗಲಿಲ್ಲ.

ಒಂದು ಮಾತು ನೆನಪಿರಲಿ. ನಮ್ಮ ಹೋಟೆಲುಗಳಲ್ಲಿ ಕುಳಿತರೆ ಕೇಳಲು ಬರುತ್ತಾರೆ, ಅಲ್ಲಿನ ಹೆಚ್ಚಿನ ಕೆಫೆಗಳಲ್ಲಿ ಯಾರೂ ಬರುವುದಿಲ್ಲ. ಮೊದಲ ದಿನ ನಾವು ಕಾಲು ಗಂಟೆ ಹಾಗೆಯೇ ಕಾದು ಕುಳಿತಿದ್ದೆವು. ಕೌಂಟರಿನಲ್ಲಿಯೋ ಪರದೆ ಮುಟ್ಟುವ ಯಂತ್ರದಲ್ಲಿಯೋ ಹೇಳಿ ಹಣ ಕೊಟ್ಟರೆ ಒಂದು ಚಿಕ್ಕ ಸಾಧನ ಕೈಗೆ ಕೊಡುತ್ತಾರೆ, ಅದು ನಡುಗಿದಾಗ ಹೋಗಿ ತಟ್ಟೆ ತರಬೇಕು, ಮುಗಿದ ಮೇಲೆ ತಟ್ಟೆಯನ್ನು ನಾವೇ ಹಿಂತಿರುಗಿಸಬೇಕು. ಅನೇಕ ಕಡೆ ತಲೆಗೊಂದು ಪಾನೀಯ ಕೊಳ್ಳಬೇಕೆಂಬ ನಿಯಮವಿದೆ, ಆದ್ದರಿಂದ ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವ ನಮ್ಮ ಪದ್ಧತಿ ನಡೆಯುವುದಿಲ್ಲ. ಟಿಪ್ಸ್ ಕೊಡುವ ರೂಢಿ ಇಲ್ಲ. ಚಳಿಯಲ್ಲೂ ಮಂಜುಗಡ್ಡೆ ಹಾಕಿದ ಕಪ್ಪು ಕಾಫಿ ಕುಡಿಯುವುದು ಅಲ್ಲಿನ ಯುವಕರ ಪ್ರೀತಿ. ನೀವು ಅದರ ಬದಲು ಮಿಸುಗರು ಕೇಳಿ. ಹಲವು ಧಾನ್ಯಗಳನ್ನು ಹುರಿದು ಬೀಸಿದ ಹಿಟ್ಟನ್ನು ಹಾಲಿನಲ್ಲಿ ಕಲಸಿದ ಪಾನೀಯವದು, ಮೊದಲ ಗುಟುಕಿಗೇ ನಿಮಗೆ ನಮ್ಮ ಹುರಿಹಿಟ್ಟು ನೆನಪಾಗುತ್ತದೆ. ದಾಲ್ಚಿನ್ನಿ ಮತ್ತು ಶುಂಠಿ ಕುದಿಸಿ ತಣಿಸಿದ ಸುಜೊಂಗ್ವಾ ಎಂಬುದು ನಮ್ಮ ಕಷಾಯದ ಹತ್ತಿರದ್ದು. ಅಕ್ಕಿಯ ಮೆತ್ತನೆಯ ತುಣುಕುಗಳ ಮೇಲೆ ಹುರಿದ ಸೋಯಾ ಹಿಟ್ಟು ಉದುರಿಸಿದ ಇಂಜೊಲ್ಮಿಯಂತೂ ಪುಠಾಣಿ ಹಿಟ್ಟಿನ ರುಚಿ ಬಲ್ಲ ನಾಲಿಗೆಗೆ ಹೊಸದೆನಿಸುವುದಿಲ್ಲ.

ಪ್ರಶ್ನೆ: ಸುವೊನ್‌ನ ಕೋಟೆ ನಮ್ಮ ಬೀದರ್ ಕೋಟೆಯ ಹಾಗೆ ಇದೆಯೇ? ನಮ್ಮ ಕೋಟೆ ನೋಡಿ ಬೆಳೆದವರಿಗೆ ಅಲ್ಲಿ ಹೊಸದೇನಾದರೂ ಸಿಗುತ್ತದೆಯೇ?
— ಓದುಗರು, ಬೀದರ್

ಉತ್ತರ: ಹೋಲಿಕೆ ಕಡಿಮೆ, ಆದರೆ ಸಿಗುವುದು ಬಹಳ. ನಮ್ಮ ಕೋಟೆ ಜಂಬಿಟ್ಟಿಗೆ ಬಂಡೆಯಲ್ಲಿಯೇ ಕಡಿದ ಕಂದಕಗಳಿಂದ ಶತ್ರುವನ್ನು ದೂರವಿಡುವ ಕೋಟೆ. ಹ್ವಾಸೊಂಗ್‌ನ ಹಿಂದೆ ಇರುವುದು ಒಬ್ಬ ಮಗನ ದುಃಖ. ರಾಜಕುಮಾರ ಸಾದೊ 1762ರಲ್ಲಿ ತನ್ನ ತಂದೆಯಾದ ರಾಜನ ಆಜ್ಞೆಯಿಂದಲೇ ಅಕ್ಕಿಯ ಪೆಟ್ಟಿಗೆಯಲ್ಲಿ ಮುಚ್ಚಲ್ಪಟ್ಟು ಸತ್ತನು. ಅವನ ಮಗ ಜೊಂಗ್‌ಜೊ ಮುಂದೆ ರಾಜನಾಗಿ, 1789ರಲ್ಲಿ ತಂದೆಯ ಸಮಾಧಿಯನ್ನು ಸುವೊನ್ ಸೀಮೆಗೆ ತಂದು, 1794ರಿಂದ 1796ರವರೆಗೆ ಈ ಕೋಟೆಯನ್ನು ಕಟ್ಟಿಸಿದನು. ಕಲ್ಲಿನ ಜೊತೆ ಇಟ್ಟಿಗೆಯನ್ನೂ ಬಳಸಿದ್ದು, ಭಾರ ಎತ್ತಲು ವಿದ್ವಾಂಸ ಜೊಂಗ್ ಯಾಕ್-ಯೊಂಗ್ ರೂಪಿಸಿದ ರಾಟೆಯ ಯಂತ್ರವನ್ನು ಹೂಡಿದ್ದು, ದುಡಿದವರಿಗೆ ಕೂಲಿ ಕೊಟ್ಟಿದ್ದು, ಎಲ್ಲವೂ ಚಿತ್ರಸಹಿತ ದಾಖಲೆಯಲ್ಲಿದೆ. ಕೊರಿಯಾ ಯುದ್ಧದಲ್ಲಿ ಹಾಳಾದ ಭಾಗಗಳನ್ನು 1970ರ ದಶಕದಲ್ಲಿ ಮತ್ತೆ ಕಟ್ಟುವಾಗ ಆ ದಾಖಲೆಯೇ ಕೈಹಿಡಿಯಿತು, 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಲು ಬಲವೂ ಆಯಿತು. ನಮ್ಮ ಕೋಟೆಗಳಿಗೂ ಇಂಥದೊಂದು ಕಡತ ಉಳಿದಿದ್ದರೆ ಎಂಬ ಸಂಕಟ ನನಗೆ ಅಲ್ಲಿ ಬಿಡದೆ ಕಾಡಿತು.

ಸುತ್ತಳತೆ ಸುಮಾರು 5.7 ಕಿಲೋಮೀಟರ್. ಗೋಡೆಯ ಗುಂಟ ನಿಧಾನವಾಗಿ ನಡೆದರೆ ಎರಡರಿಂದ ಮೂರು ತಾಸು ಬೇಕು. ದಕ್ಷಿಣದ ಪಾಲ್ದಾಲ್‌ಮುನ್ ಬಾಗಿಲು ಈಗ ವಾಹನಗಳ ವೃತ್ತದ ನಡುವೆ ಒಂಟಿಯಾಗಿ ನಿಂತಿದೆ, ಅಲ್ಲಿ ಗೋಡೆ ತುಂಡಾಗಿದೆ. ಪೂರ್ತಿ ಸುತ್ತಲಾಗದವರು, ಹೊಳೆಯ ಮೇಲೆ ಏಳು ಕಮಾನುಗಳಲ್ಲಿ ನಿಂತ ಹ್ವಾಹೊಂಗ್‌ಮುನ್ ಎಂಬ ನೀರಬಾಗಿಲನ್ನೂ ಅದರ ಪಕ್ಕದ ಮಂಟಪವನ್ನೂ ನೋಡಿ, ಕೆಳಗಿನ ಕೊಳದ ದಂಡೆಯಲ್ಲಿ ಕೂರಬಹುದು. ಸುತ್ತಲಿನ ಕೆಲವು ಕೆಫೆಗಳು ಚಾಪೆ, ಬುಟ್ಟಿ, ಪುಟ್ಟ ಮೇಜುಗಳನ್ನು ಬಾಡಿಗೆಗೆ ಕೊಡುತ್ತವೆ. ಸಂಜೆಯ ಹೊತ್ತಿಗೆ ಇಡೀ ದಂಡೆ ಚಾಪೆಗಳಿಂದ ತುಂಬಿರುತ್ತದೆ.

ಪ್ರಶ್ನೆ: ಕೊರಿಯಾದಲ್ಲಿ ರಕೂನ್, ಮೀರ್‌ಕ್ಯಾಟ್‌ಗಳನ್ನು ಮುದ್ದಿಸಬಹುದಾದ ಕೆಫೆಗಳಿವೆಯಂತೆ. ಗೆಳೆಯರೊಡನೆ ಹೋಗುವವನಿದ್ದೇನೆ. ಹೋಗಲೇ? ನಾನು ಶುದ್ಧ ಸಸ್ಯಾಹಾರಿ ಎಂಬುದನ್ನೂ ತಿಳಿಸುತ್ತಿದ್ದೇನೆ.
— ಕಾಲೇಜು ವಿದ್ಯಾರ್ಥಿ, ಯಾದಗಿರಿ

ಉತ್ತರ: ಹೋಗಬೇಡಪ್ಪಾ. ಇಡೀ ದಿನ ಅಪರಿಚಿತರ ಕೈಗಳ ನಡುವೆ, ಕಾಫಿಯಂತ್ರದ ಸದ್ದಿನಲ್ಲಿ ಬದುಕುವುದು ಕಾಡುಪ್ರಾಣಿಗೆ ಹಿಂಸೆಯೇ. ಕೊರಿಯಾ ಸರ್ಕಾರವೂ ಇದನ್ನು ಒಪ್ಪಿ, ಮೃಗಾಲಯವಲ್ಲದ ಜಾಗಗಳಲ್ಲಿ ಕಾಡುಪ್ರಾಣಿಗಳ ಪ್ರದರ್ಶನವನ್ನು 2023ರ ಡಿಸೆಂಬರ್‌ನಿಂದ ನಿಷೇಧಿಸಿದೆ. ಮೊದಲೇ ನಡೆಯುತ್ತಿದ್ದವುಗಳಿಗೆ ಕೆಲವು ವರ್ಷಗಳ ಗಡುವು ಕೊಟ್ಟಿರುವುದರಿಂದ ಅಂಥ ಬೋರ್ಡು ಕಣ್ಣಿಗೆ ಬಿದ್ದೀತು. ಗೆಳೆಯರ ಗುಂಪಿಗೆ ಬೋರ್ಡ್ ಆಟಗಳ ಕೆಫೆಗಳಿವೆ. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು, ನೆಲದ ಮೇಲೆ ಒರಗಿ ಚಿತ್ರಕಥೆಗಳನ್ನು ನೋಡುತ್ತ ಕೂರುವ ಮಾನ್ಹ್ವಾ ಕೆಫೆಗಳೂ ಇವೆ.

ಊಟದ ವಿಷಯದಲ್ಲಿ ಎಚ್ಚರವಿರಲಿ. ಸುವೊನ್ ಹೆಸರಾಗಿರುವುದು ದನದ ಪಕ್ಕೆಲುಬಿನ ಮಾಂಸಕ್ಕೆ ಮತ್ತು ಕೋಟೆಬಾಗಿಲ ಬಳಿಯ ಕರಿದ ಕೋಳಿಯ ಬೀದಿಗೆ. ಬರೀ ಕೋಸಿನದೆಂದು ಕಾಣುವ ಕಿಮ್ಚಿ ಎಂಬ ಉಪ್ಪಿನಕಾಯಿಯಲ್ಲಿಯೂ ಹುಳಿಸಿದ ಸೀಗಡಿ ಅಥವಾ ಮೀನಿನ ರಸ ಸಾಮಾನ್ಯವಾಗಿ ಇರುತ್ತದೆ, ತರಕಾರಿ ಸಾರಿಗೂ ಒಣಮೀನಿನ ನೀರು ಹಾಕುತ್ತಾರೆ. ‘ಗೋಗಿ ಪ್ಪೆ ಜುಸೆಯೊ’ ಎಂದರೆ ಮಾಂಸ ಬೇಡ ಎಂದಷ್ಟೇ ಅರ್ಥ, ಮೀನೂ ಮೊಟ್ಟೆಯೂ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ನಾನು ತಿನ್ನದಿರುವ ವಸ್ತುಗಳನ್ನೆಲ್ಲ ಕೊರಿಯನ್ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಂಡು ತೋರಿಸುತ್ತಿದ್ದೆ. ಮಂಜುಗಡ್ಡೆಯ ಹೆರಕಲಿನ ಮೇಲೆ ಸಿಹಿ ಕೆಂಪು ಕಾಳು ಹಾಕಿ ಕೊಡುವ ಪಾತ್‌ಬಿಂಗ್‌ಸು ಬಟ್ಟಲು ಇಬ್ಬರಿಗೆ ಸಾಕಾಗುವಷ್ಟು ದೊಡ್ಡದು. ಉಳಿದ ಹಸಿವಿಗೆ ಚೀಲದಲ್ಲಿ ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಇರಲಿ. ನನ್ನ ಖಡಕ್ ರೊಟ್ಟಿ ಹತ್ತು ದಿನವಾದರೂ ಕೆಟ್ಟಿರಲಿಲ್ಲ.