ಪಿಯುಸಿ ಆದಮೇಲೆ ನೇರವಾಗಿ ಹೈಸ್ಕೂಲ್ ಮೇಷ್ಟ್ರಾಗುವ ಕೋರ್ಸ್ ಸೇರೋದಾ, ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಮಾಡೋದಾ?

ನೀವು ರಾಯಚೂರು ಜಿಲ್ಲೆಯವರು, ಪಿಯುಸಿ ವಿಜ್ಞಾನ ಮುಗಿಸುತ್ತಿದ್ದೀರಿ, ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುವ ಆಸೆ ಇದೆ ಅಂತ ಬರೆದಿದ್ದೀರಿ. ಡಾಕ್ಟರು, ವಕೀಲರಿಗೆ ಇರುವ ಹಾಗೆ ಶಿಕ್ಷಕರಿಗೂ ಲೈಸೆನ್ಸ್ ಇದೆಯಾ, ನಾಲ್ಕು ವರ್ಷದ ಕೋರ್ಸ್ ಮಾಡಿದರೆ ಅದು ಸಿಗುತ್ತಾ ಅಂತಲೂ ಕೇಳಿದ್ದೀರಿ. ನಾನು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ಆರ್‌ಐಇ ಅನ್ನುವ ಜಾಗದಲ್ಲಿ, ಬಿ.ಎಸ್ಸಿ., ಬಿ.ಇಡಿ. ಎರಡೂ ಒಟ್ಟಿಗೆ ಸೇರಿದ ನಾಲ್ಕು ವರ್ಷದ ಬಿ.ಎಸ್ಸಿ.ಇಡಿ. ಓದಿದವಳು. ಈಗ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ. ಹಾಗಾಗಿ ಎರಡೂ ದಾರಿಯಲ್ಲಿ ಬಂದವರನ್ನು ಸ್ಟಾಫ್ ರೂಮಿನಲ್ಲಿ ದಿನಾ ನೋಡುತ್ತೇನೆ.

ಮೊದಲು ಲೈಸೆನ್ಸ್ ವಿಚಾರ. ವಕೀಲರು ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ ಸನ್ನದು ಪಡೆಯುತ್ತಾರಲ್ಲ, ಅಂಥ ಪದ್ಧತಿ ನಮ್ಮಲ್ಲಿ ಶಿಕ್ಷಕರಿಗೆ ಇಲ್ಲ. ಇರುವುದು ಅರ್ಹತೆ. ಅದನ್ನು ನಿಗದಿ ಮಾಡುವುದು ಎನ್‌ಸಿಟಿಇ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಒಂಬತ್ತು, ಹತ್ತನೇ ತರಗತಿಗೆ ಅದು 2014ರಲ್ಲಿ ಹೇಳಿದ್ದು ಇಷ್ಟು: ಶೇಕಡಾ 50 ಅಂಕದ ಪದವಿ ಜೊತೆಗೆ ಬಿ.ಇಡಿ., ಇಲ್ಲವೇ ನಾಲ್ಕು ವರ್ಷದ ಬಿ.ಎಸ್ಸಿ.ಇಡಿ. ಅಥವಾ ಬಿ.ಎ.ಇಡಿ. ಎರಡಕ್ಕೂ ಒಂದೇ ತೂಕ. ನಾಲ್ಕು ವರ್ಷ ಓದಿದವರಿಗೆ ಬೇರೆ ಬಿ.ಇಡಿ. ಬೇಕಿಲ್ಲ.

ಇನ್ನು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಇದರ ಬಗ್ಗೆ ಗೊಂದಲ ಬಹಳ. ಟಿಇಟಿ ಇರುವುದು ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರಿಗೆ. ನಮ್ಮ ರಾಜ್ಯದ ಪ್ರೌಢಶಾಲಾ ಸಹ ಶಿಕ್ಷಕರ ನೇರ ನೇಮಕಾತಿ ನಡೆಯುತ್ತಾ ಬಂದಿರುವುದು ಅದಕ್ಕೇ ಅಂತ ಇರುವ ಸ್ಪರ್ಧಾತ್ಮಕ ಪರೀಕ್ಷೆಯ ಮೇಲೆ. ಹಾಗಂತ ಟಿಇಟಿ ಬೇಡ ಅಂತ ಕೂರಬೇಡಿ. ಕೇಂದ್ರೀಯ ವಿದ್ಯಾಲಯದ ಟಿಜಿಟಿಗಳು, ಅಂದರೆ ತರಬೇತಿ ಪಡೆದ ಪದವೀಧರ ಶಿಕ್ಷಕರು, ಆರರಿಂದ ಹತ್ತರವರೆಗೆ ಪಾಠ ಮಾಡುತ್ತಾರೆ, ಹಾಗಾಗಿ ಅಲ್ಲಿ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿಯ ಎರಡನೇ ಪತ್ರಿಕೆ ಕೇಳುತ್ತಾರೆ. ನಮ್ಮ ರಾಜ್ಯದ ಆರರಿಂದ ಎಂಟರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೂ ಟಿಇಟಿ ಬೇಕು, ಹೈಸ್ಕೂಲಿಗೆ ಕಾಯುತ್ತಾ ಕಾಯುತ್ತಾ ಅಲ್ಲಿಗೆ ಸೇರಿದವರೇ ಎಷ್ಟೋ ಜನ. 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕು. ಈಗ ಅದಕ್ಕೆ ಜೀವನಪೂರ್ತಿ ಮಾನ್ಯತೆ ಇದೆ, ಹಿಂದಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಒಮ್ಮೆ ಬರೆದು ಪಾಸಾಗಿಬಿಡಿ.

ಈಗ ನಾಲ್ಕು ವರ್ಷದ ಕೋರ್ಸ್. ಆರ್‌ಐಇ ಶುರುವಾದದ್ದು 1963ರಲ್ಲಿ, ಆಗ ಪ್ರಾದೇಶಿಕ ಶಿಕ್ಷಣ ಕಾಲೇಜು ಅಂತಿತ್ತು. ಎನ್‌ಸಿಇಆರ್‌ಟಿಗೆ ಸೇರಿದ್ದು, ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ಹುಡುಗ ಹುಡುಗಿಯರೆಲ್ಲ ಅಲ್ಲಿಗೇ ಬರುತ್ತಾರೆ. ನಮ್ಮ ಕಾಲದ ಬಿ.ಎಸ್ಸಿ.ಇಡಿ. ಜಾಗಕ್ಕೆ ಈಗ ಐಟಿಇಪಿ ಅನ್ನುವ ಹೊಸ ಸಂಯೋಜಿತ ಕೋರ್ಸ್ ಬಂದಿದೆ. ಸೇರಬೇಕಾದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಭಾಷೆ, ನಿಮ್ಮ ವಿಷಯಗಳು, ಸಾಮಾನ್ಯ ಜ್ಞಾನ, ಜೊತೆಗೆ ಬೋಧನಾ ಅಭಿರುಚಿ ಅಂತ ಒಂದು ಭಾಗ. ಕನ್ನಡದಲ್ಲೂ ಬರೆಯಬಹುದು. ಸಿಇಟಿ, ನೀಟ್ ಗಲಾಟೆಯಲ್ಲಿ ಈ ಅರ್ಜಿಯ ಕಡೆ ದಿನಾಂಕ ದಾಟಿಹೋಗುವುದು ಸಾಮಾನ್ಯ, ಎನ್‌ಟಿಎ ಪ್ರಕಟಣೆ ಮೇಲೆ ಕಣ್ಣಿಟ್ಟಿರಿ.

ಲಾಭ ಮೊದಲು ಹೇಳುತ್ತೇನೆ. ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಬಿ.ಇಡಿ. ಸೇರಿ ಐದಾಗುತ್ತದೆ, ಇಲ್ಲಿ ನಾಲ್ಕು. ನಡುವೆ ಬಿ.ಇಡಿ. ಸೀಟಿಗೆ ಕೇಂದ್ರೀಕೃತ ದಾಖಲಾತಿ ಘಟಕದ ಮೆರಿಟ್ ಪಟ್ಟಿ ಕಾಯುವ ತಾಪತ್ರಯವೂ ಇಲ್ಲ. ಆದರೆ ನನ್ನ ಕೇಳಿದರೆ ಉಳಿಯುವ ಒಂದು ವರ್ಷ ದೊಡ್ಡದಲ್ಲ. ಕ್ಯಾಂಪಸ್ಸಿನೊಳಗೇ ಆರ್‌ಐಇಯದೇ ಒಂದು ಪ್ರಾತ್ಯಕ್ಷಿಕೆ ಶಾಲೆ ಇದೆ, ಡಿಎಂಎಸ್ ಅಂತ, ಒಂದನೇ ತರಗತಿಯಿಂದ ಹನ್ನೆರಡರವರೆಗೆ. ಬೆಳಿಗ್ಗೆ ನಾವು ಲ್ಯಾಬಿನಲ್ಲಿ ಲೆನ್ಸಿನ ನಾಭಿದೂರ ಅಳೆಯುತ್ತಿದ್ದರೆ ಮಧ್ಯಾಹ್ನ ಅದನ್ನೇ ಹತ್ತನೇ ಕ್ಲಾಸಿನವರಿಗೆ ಹೇಗೆ ಹೇಳಿಕೊಡೋದು ಅಂತ ಚರ್ಚೆ. ಮಸೂರದ ಚಿಹ್ನೆಗಳ ನಿಯಮ ನನಗೆ ನಿಜವಾಗಿ ಅರ್ಥವಾದದ್ದು ಡಿಗ್ರಿ ಕ್ಲಾಸಿನಲ್ಲಿ ಅಲ್ಲ, ಒಬ್ಬ ಹುಡುಗ "ಮೈನಸ್ ದೂರ ಅಂದ್ರೇನು ಮಿಸ್, ದೂರ ಮೈನಸ್ ಆಗುತ್ತಾ?" ಅಂತ ಕೇಳಿದಾಗ. ಮೂರು ವರ್ಷ ಬರೀ ವಿಷಯ ಓದಿ, ಆಮೇಲೆ ಬರೀ ಬೋಧನೆ ಓದುವವರಿಗೆ ಈ ಎರಡೂ ಒಟ್ಟಿಗೆ ಕೂಡುವುದು ತಡ.

ಇಂಟರ್ನ್‌ಶಿಪ್ ಬಗ್ಗೆ ಎರಡು ಮಾತು. ಲೆಸನ್ ಪ್ಲಾನ್ ಬರೆದೂ ಬರೆದೂ ಕೈ ನೋಯುತ್ತದೆ, ಚಾರ್ಟು ಅಂಟಿಸುವುದರಲ್ಲಿ ರಾತ್ರಿ ಕಳೆಯುತ್ತದೆ, ಹಿಂದಿನ ಬೆಂಚಿನಲ್ಲಿ ಕೂತ ಅಬ್ಸರ್ವರ್ ನೋಡಿ ಬಾಯಿ ಒಣಗುತ್ತದೆ. ಅದೆಲ್ಲ ಇದ್ದದ್ದೇ. ನೀವು ಕೇಳಿ ತಿಳಿದುಕೊಳ್ಳಬೇಕಾದದ್ದು ಬೇರೆ: ಇಂಟರ್ನ್‌ಶಿಪ್‌ಗೆ ಯಾವ ಶಾಲೆಗೆ ಕಳಿಸುತ್ತಾರೆ, ಅಲ್ಲಿ ನಿಜವಾಗಿ ಪಾಠ ಮಾಡಲು ಬಿಡುತ್ತಾರಾ, ಯಾರಾದರೂ ಬಂದು ನೋಡಿ ತಿದ್ದುತ್ತಾರಾ. ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಿಸಿ ಮನೆಗೆ ಕಳಿಸುವ ಕಾಲೇಜುಗಳೂ ಇವೆ. ಅಲ್ಲಿಂದ ಬಂದವರು ಕೆಲಸ ಸಿಕ್ಕ ಮೊದಲ ವರ್ಷ ಅರವತ್ತು ಮಕ್ಕಳ ಎದುರು ನಿಂತು ಒದ್ದಾಡುವುದನ್ನು ಕಂಡಿದ್ದೇನೆ. ಪಾಪ, ಅವರದೇನೂ ತಪ್ಪಿಲ್ಲ.

ಇನ್ನು ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಕಾಂಬಿನೇಷನ್. ರಾಜ್ಯದ ಹೈಸ್ಕೂಲ್ ಹುದ್ದೆ ಬರುವುದು "ವಿಜ್ಞಾನ ಶಿಕ್ಷಕ" ಅಂತ ಅಲ್ಲ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಬೇರೆ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಬೇರೆ. ಪಿಸಿಎಂನವರು ಗಣಿತ, ಭೌತಶಾಸ್ತ್ರ ನೋಡಿಕೊಂಡರೆ ಸಿಬಿಝಡ್‌ನವರು ಜೀವಶಾಸ್ತ್ರದ ಕಡೆ. ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿದ್ದೀರಿ ಅಂತ ಅಂಕಪಟ್ಟಿ ಹಿಡಿದು ನೋಡುತ್ತಾರೆ. ನಮ್ಮ ಹಳೆಯ ಬಿ.ಎಸ್ಸಿ.ಇಡಿ.ಯಲ್ಲಿ ಮೂರು ವಿಷಯ ಒಟ್ಟಿಗೆ ಬರುತ್ತಿದ್ದವು, ತಲೆನೋವಿರಲಿಲ್ಲ. ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಮೇಲೆ ಕಾಲೇಜುಗಳಲ್ಲಿ ಎರಡೇ ಮುಖ್ಯ ವಿಷಯದ ಡಿಗ್ರಿ ಶುರುವಾಯಿತು, ಮೂರನೆಯದರ ಗತಿಯೇನು ಅಂತ ಮಕ್ಕಳು ಕಂಗಾಲಾದರು. 2024ರಲ್ಲಿ ನಮ್ಮ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಆದರೆ ಐಟಿಇಪಿ ಕೇಂದ್ರದ ಚೌಕಟ್ಟಿನದು. ಅದರಲ್ಲಿ ಶಿಕ್ಷಣ ಒಂದು ಮುಖ್ಯ ವಿಷಯ, ನಿಮ್ಮ ಆಯ್ಕೆಯ ಶಾಸ್ತ್ರ ಇನ್ನೊಂದು. ಹಾಗಾಗಿ ಸೇರುವ ಮೊದಲೇ ಪಠ್ಯಕ್ರಮದ ಪ್ರತಿ ತೆಗೆದುಕೊಂಡು, ಯಾವ ವಿಷಯ ಎಷ್ಟು ಸೆಮಿಸ್ಟರ್ ಬರುತ್ತದೆ ಅಂತ ಕೂತು ಎಣಿಸಿ. ಶಾಲಾ ಶಿಕ್ಷಣ ಇಲಾಖೆಯ ಇತ್ತೀಚಿನ ಪ್ರೌಢಶಾಲಾ ನೇಮಕಾತಿ ಅಧಿಸೂಚನೆಯನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ಹೊಂದಿದರೆ ಕಣ್ಣುಮುಚ್ಚಿ ಸೇರಿ. ಹೊಂದದಿದ್ದರೆ, ಮತ್ತು ರಾಜ್ಯ ಸರ್ಕಾರದ ಕೆಲಸವೇ ನಿಮ್ಮ ಗುರಿಯಾಗಿದ್ದರೆ, ರಾಯಚೂರಿನಲ್ಲೇ ಪಿಸಿಎಂ ಬಿ.ಎಸ್ಸಿ. ಮಾಡಿ ಬಿ.ಇಡಿ. ಸೇರುವುದು ವಾಸಿ. ಒಂದು ವರ್ಷ ಹೆಚ್ಚಾದರೆ ಆಗಲಿ.

ಖಾಸಗಿ ಕಾಲೇಜಿನವರು "ಇಂಟಿಗ್ರೇಟೆಡ್ ಬಿ.ಎಸ್ಸಿ. ಬಿ.ಇಡಿ." ಅಂತ ಬೋರ್ಡು ಹಾಕಿದ್ದರೆ ಎನ್‌ಸಿಟಿಇ ದಕ್ಷಿಣ ಪ್ರಾದೇಶಿಕ ಸಮಿತಿಯ ಮಾನ್ಯತಾ ಆದೇಶ ತೋರಿಸಿ ಅನ್ನಿ. ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಇರಬೇಕು. ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬನ್ನಿ.

"2030ರ ಮೇಲೆ ಎರಡು ವರ್ಷದ ಬಿ.ಇಡಿ.ಗೆ ಬೆಲೆಯಿಲ್ಲವಂತೆ" ಅಂತ ಹೆದರಿಸುವವರಿದ್ದಾರೆ. 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಕನಿಷ್ಠ ಅರ್ಹತೆಯಾಗಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇರುವುದು ನಿಜ. ಬೇರೆ ಪದವಿ ಮುಗಿಸಿದವರಿಗೆ ಎರಡು ವರ್ಷದ ಬಿ.ಇಡಿ. ಇರುತ್ತದೆ ಅಂತಲೂ ಅದೇ ನೀತಿಯಲ್ಲಿದೆ. ಹೆದರಿಸುವವರು ಮೊದಲ ಸಾಲನ್ನಷ್ಟೇ ಓದಿರುತ್ತಾರೆ.

ಮಾಧ್ಯಮದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆರ್‌ಐಇಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಮೊದಲ ಸೆಮಿಸ್ಟರ್ ಕಷ್ಟ. ಹಾಸ್ಟೆಲಿನಲ್ಲಿ ಮಲಯಾಳಿ, ತೆಲುಗು ಗೆಳತಿಯರ ಜೊತೆ ಬೇರೆ ಗತಿಯಿಲ್ಲದೆ ಮಾತಾಡುತ್ತಾ ಸರಿಹೋಗುತ್ತದೆ. ಆದರೆ ನಾಳೆ ನೀವು ನಿಲ್ಲುವುದು ಬಹುಶಃ ಕನ್ನಡ ಮಾಧ್ಯಮದ ತರಗತಿಯಲ್ಲಿ, ಅದಕ್ಕೆ ರಾಜ್ಯದ ಎಂಟರಿಂದ ಹತ್ತರವರೆಗಿನ ಕನ್ನಡ ಪಠ್ಯಪುಸ್ತಕಗಳನ್ನು ಜೊತೆಗೇ ಓದುತ್ತಿರಿ. ನೇಮಕಾತಿ ಪರೀಕ್ಷೆಗೂ ಬರುತ್ತದೆ.

ಕಾಯುವಿಕೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೇಮಕಾತಿ ವರ್ಷವರ್ಷ ಬರುವುದಿಲ್ಲ. ಅಧಿಸೂಚನೆ ಬಂದಮೇಲೂ ಪಟ್ಟಿ, ಆಕ್ಷೇಪಣೆ, ಕೋರ್ಟು ಅಂತ ಎಳೆಯುತ್ತದೆ. ಅಷ್ಟರಲ್ಲಿ ಅತಿಥಿ ಶಿಕ್ಷಕರಾಗಿಯೋ ಖಾಸಗಿ ಶಾಲೆಯಲ್ಲೋ ಕೆಲಸ ಮಾಡಬೇಕಾಗಬಹುದು, ಸಂಬಳ ನೋಡಿ ಮನೆಯವರು ಗೊಣಗುತ್ತಾರೆ. ನಡುವೆ ಎಂ.ಎಸ್ಸಿ. ಮಾಡಿಕೊಂಡರೆ ಪಿಯು ಉಪನ್ಯಾಸಕರ ಹುದ್ದೆಗೂ ಅರ್ಜಿ ಹಾಕಬಹುದು. ಅಲ್ಲಿಯೂ ಬಿ.ಇಡಿ. ಕೇಳುತ್ತಾರೆ, ನಿಮ್ಮ ಹತ್ತಿರ ಅದು ಇರುತ್ತದೆ.

ಕೊನೆಯದಾಗಿ ಕಾಗದಪತ್ರ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ರಾಯಚೂರಿನವರಾದ್ದರಿಂದ ನಿಮಗೆ ಸಂವಿಧಾನದ 371-ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಮೀಸಲಾತಿಯೂ ಸಿಗುತ್ತದೆ, ಆ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಓದಿದ ಶಾಲೆಗಳ ದಾಖಲೆ ಈಗಲೇ ತೆಗೆದಿಡಿ. ಅಧಿಸೂಚನೆ ಬಂದ ವಾರ ಆ ಕಚೇರಿಗಳ ಮುಂದೆ ಎಂಥ ಸಾಲು ಇರುತ್ತದೆ ಅಂತ ನಿಮ್ಮೂರಿನ ಯಾವ ಬಿ.ಇಡಿ. ಆದವರನ್ನು ಕೇಳಿದರೂ ಹೇಳುತ್ತಾರೆ.