ಸಿಗಿಶೋರಾದ ಜರ್ಮನ್ನರು ಎಲ್ಲಿ ಹೋದರು?

ರೊಮೇನಿಯಾದ ಸಿಗಿಶೋರಾದಲ್ಲಿ ಜರ್ಮನ್ ಹೆಸರುಗಳೇ ಜಾಸ್ತಿ, ಆದರೆ ಜರ್ಮನ್ನರು ಕಾಣೋದಿಲ್ಲ ಯಾಕೆ ಅಂತ ಕೇಳಿದ್ದೀರಿ. ಊರು ಕಟ್ಟಿದವರೇ ಅವರು. 12ನೇ ಶತಮಾನದಲ್ಲಿ, ಆಗ ಈ ಪ್ರದೇಶ ಆಳುತ್ತಿದ್ದ ಹಂಗೇರಿಯ ರಾಜರು ಗಡಿ ಕಾಯಲು ಅವರನ್ನು ಕರೆಸಿ ನೆಲೆಗೊಳಿಸಿದರು. ಹೆಸರಿಗೆ ಸ್ಯಾಕ್ಸನ್ನರು, ಅಂದರೆ ಜರ್ಮನಿಯ ಸ್ಯಾಕ್ಸನಿ ಕಡೆಯವರು, ಆದರೆ ಹೆಚ್ಚಿನವರು ಬಂದದ್ದು ರೈನ್ ನದಿಯ ಕಡೆಯಿಂದ! ಕೋಟೆಯ ಬುರುಜುಗಳನ್ನು ಕಸುಬಿನ ಸಂಘಗಳೇ ನೋಡಿಕೊಳ್ಳುತ್ತಿದ್ದವು: ದರ್ಜಿಗಳದ್ದೊಂದು, ಚಮ್ಮಾರರದ್ದೊಂದು, ಹಗ್ಗ ಹೊಸೆಯುವವರದ್ದೊಂದು. ಇವತ್ತಿಗೂ ಅದೇ ಹೆಸರು. ಗುಡ್ಡದ ಮೇಲಿನ ಶಾಲೆಗೆ ಹತ್ತಲು 1642ರಲ್ಲಿ ಕಟ್ಟಿದ ಮರದ ಮೆಟ್ಟಿಲಿದೆ, ಮೇಲೆ ಸೂರೂ ಇದೆ. ಚಳಿಗಾಲದಲ್ಲಿ ಮಕ್ಕಳ ತಲೆ ಮೇಲೆ ಹಿಮ ಬೀಳಬಾರದು ಅಲ್ವಾ!

ಜರ್ಮನ್ನರು ಊರಿನಿಂದ ಖಾಲಿಯಾದದ್ದು 20ನೇ ಶತಮಾನದಲ್ಲಿ. 1945ರ ಜನವರಿಯಲ್ಲಿ ದುಡಿಯುವ ವಯಸ್ಸಿನ ಜರ್ಮನ್ನರನ್ನು ಸೋವಿಯತ್ ಗಣಿಗಳಿಗೆ ಸಾಗಿಸಿದರು. ಆಮೇಲೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕುವಿನ ಸರ್ಕಾರ ತಲೆಗಿಷ್ಟು ಅಂತ ಪಶ್ಚಿಮ ಜರ್ಮನಿಯಿಂದ ದುಡ್ಡು ಪಡೆದು ಜನರನ್ನು ಬಿಟ್ಟುಕೊಟ್ಟಿತು. ನನ್ನ ಮಟ್ಟಿಗೆ ಅದು ಶುದ್ಧ ವ್ಯಾಪಾರ. ಅವನನ್ನು ಉರುಳಿಸಿದ 1989ರ ಕ್ರಾಂತಿಯ ನಂತರ ಉಳಿದವರಲ್ಲೂ ಹೆಚ್ಚಿನವರು ಹೊರಟುಹೋದರು.

2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 28,000. ಜರ್ಮನ್ನರು ನೂರಕ್ಕೆ ಇಬ್ಬರೂ ಇಲ್ಲ. ಹೆಚ್ಚಿನವರು ರೊಮೇನಿಯನ್ನರು, ನಂತರ ಹಂಗೇರಿಯನ್ನರು, ರೋಮಾ (ಜಿಪ್ಸಿ) ಜನ. ಹೋದರೆ ಸುಮ್ನೆ ಡ್ರಾಕುಲಾ ಅಂಗಡಿಗಳಲ್ಲಿ ಹೊತ್ತು ಕಳೆಯಬೇಡಿ. ಗುಡ್ಡದ ಚರ್ಚಿನ ಪಕ್ಕದ ಜರ್ಮನ್ ಸ್ಮಶಾನ ನೋಡಿ.